ಪಟ್ಟೆ ಪಟ್ಟೆ ಜ್ವರ

ಜೂನ್ 1, ಸೋಮವಾರ

ಅಲ್ಲ, ಕುರ್ಚಿಯದೇನೂ ತಪ್ಪಿಲ್ಲ, ಅದನ್ನು ನಾನೂ ಒಪ್ಪುತ್ತೇನೆ. ಕುರ್ಚಿ ಪಾಪ ಅದೇ ಹಳೆಯದು, ಕೈ ಇಡುವ ಕಡೆ ಪಾಲಿಶ್ ಕಿತ್ತುಹೋದದ್ದು. ಆದರೆ ಹೆಡ್‌ಮಿಸ್ಟ್ರೆಸ್ಸಿನ ಆ ಕುರ್ಚಿಯ ಮೇಲೆ ನಮ್ಮ ಹಿಲ್ಡಾ ಸಿಸ್ಟರ್ ಬದಲು ಬೇರೆ ಯಾರೋ ಕೂತು, ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಯಾರು ಮಾರಾಯ್ತಿ? ಮಗುವನ್ನು ಸೇರಿಸ್ಲಿಕ್ಕೆ ಬಂದದ್ದಾ?" ಅಂದರೆ ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ?

ಮಗುವಂತೆ! ನನಗಿನ್ನೂ ಮದುವೆಯೇ ಆಗಿಲ್ಲ. ಸಿಂಧನೂರಿನ ಈ ಕಾನ್ವೆಂಟಿನಲ್ಲೇ ಎಲ್‌ಕೆಜಿಯಿಂದ ಏಳನೇ ಕ್ಲಾಸಿನವರೆಗೆ ಓದಿದವಳು ನಾನು. ಹಿಂದಿನ ಗೋಡೆಯ ಮೇಲೆ ಕಾಂಪಸ್ಸಿನಿಂದ ಕೆತ್ತಿದ "ಗೌಸಿಯಾ" ಇವತ್ತಿಗೂ ಇದೆ, ಸುಣ್ಣ ಬಳಿದರೂ ಹೋಗಿಲ್ಲ. ಡಿ.ಎಡ್ ಮುಗಿಸಿ ಒಂದನೇ ಕ್ಲಾಸಿಗೆ ಟೀಚರಾಗಿ ಇಲ್ಲಿಗೇ ಬಂದದ್ದು ಒಬ್ಬರ ಸಲುವಾಗಿ. ಆ ಒಬ್ಬರನ್ನು ಏಪ್ರಿಲಿನಲ್ಲೇ ಲಿಂಗಸುಗೂರು ಕಡೆಯ ಹಾಸ್ಟೆಲಿಗೆ ವರ್ಗ ಮಾಡಿದ್ದಾರೆ. ಟಿಕೆಟ್ ತಗೊಂಡು ಒಳಗೆ ಹೋದರೆ ಹೀರೋ ಆಗಲೇ ಮನೆಗೆ ಹೋಗಿದ್ದಾನೆ ಅಂದಂಗಾಯಿತು ನನ್ನ ಬಾಳು.

ಹೊಸಬರ ಹೆಸರು ಸಿಸ್ಟರ್ ಸೆವರಿನ್. ಬಂಟ್ವಾಳ ಕಡೆಯವರು. ಎತ್ತರ ಇದ್ದಾರೆ, ಸಣ್ಣ ಇದ್ದಾರೆ, ಕೊಡೆ ಹಿಡಿದು ಬಂದಿದ್ದಾರೆ. ಸಿಂಧನೂರಿಗೆ, ಜೂನ್ ತಿಂಗಳಲ್ಲಿ, ಕೊಡೆ! ಮೊದಲ ದಿನದ ಪ್ರಾರ್ಥನೆ ಮುಗಿದ ಮೇಲೆ, "ಮಕ್ಕಳೇ, ಶಿಸ್ತು ಅಂದರೆ ಎಂತ ಅಂತ ಗೊತ್ತುಂಟಾ?" ಎಂದು ಕೇಳಿದರು. ಒಂದನೇ ಕ್ಲಾಸಿನ ಸಾಲಿನಿಂದ ಒಂದು ದನಿ: "ಇಲ್ರೀ!"

ಅದು ನನ್ನ ಕ್ಲಾಸಿನ ಭುವನೇಶ್ವರಿ. ಜವಳಗೇರಾದಿಂದ ವ್ಯಾನಿನಲ್ಲಿ ಬರುತ್ತಾಳೆ, ಮುಂದಿನ ಎರಡು ಹಲ್ಲಿಲ್ಲ. ಬೆಳಿಗ್ಗೆ ಪಕ್ಕದಲ್ಲಿ ಕೂತ ಹುಡುಗ ಅತ್ತಿದ್ದಕ್ಕೆ ಅವನ ಭುಜ ಕಚ್ಚಿದಳು. ಯಾಕೆ ಅಂದರೆ, "ಸುಮ್ನಾಗ್ಲಿ ಅಂತ್ರೀ." ಸುಮ್ಮನಾದ ಕೂಡ.

ಸಂಜೆ "ಹಿಲ್ಡಾ ಆರ್ಮಿ"ಗೆ ಎಲ್ಲ ವರದಿ ಒಪ್ಪಿಸಿದೆ. ಅದು ನಮ್ಮ ಹಳೆ ವಿದ್ಯಾರ್ಥಿಗಳ ಗ್ರೂಪು. ಅಡ್ಮಿನ್ ದಾನಿಷ್, ನನ್ನ ಬೆಂಚಿನವನು, ಈಗ ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಕೊಡೆಯ ಸುದ್ದಿಗೆ ನಗುವ ಸ್ಟಿಕರುಗಳ ಸುರಿಮಳೆ. ಈ ಊರಲ್ಲಿ ಸದ್ಯಕ್ಕೆ ಬಿದ್ದ ಮಳೆ ಅದೊಂದೇ.

ದಾನಿಷ್ ಬರೆದ: "ಗೌಸೂ, ನೀ ಒಳಗ ಇದ್ದೀ. ನೀನ ನಮ್ಮ ಮುಂದಿನ ಕಣ್ಣು. ಆಕೀನ್ನ ವಾಪಸ್ ಕಳಸಬೇಕು, ನಮ್ಮ ಹಿಲ್ಡಾನ್ನ ತರಬೇಕು. ಏನಂತೀ?"

ಹೂಂ ಅಂದೆ. ಅದಕ್ಕೇ ತಾನೆ ಬಂದದ್ದು.

ಜೂನ್ 5, ಶುಕ್ರವಾರ

ಪಾಲಕರ ಗ್ರೂಪಿಗೆ ವರ್ಷಾರಂಭದ ಸುದ್ದಿ ಹಾಕುವ ಕೆಲಸ ನನಗೆ ಬಂತು. ಮೊಬೈಲಿನಲ್ಲಿ ನನ್ನ ಬೆರಳು ಚುರುಕು ಎಂದು ಸಿಸ್ಟರ್ ಸೆವರಿನ್ ಗಮನಿಸಿದ್ದಾರಂತೆ. ಹೊಗಳಿದರೋ ಬೈದರೋ ತಿಳಿಯಲಿಲ್ಲ.

ಸುದ್ದಿಯನ್ನು ಅವರು ಹೇಳುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. "ಪ್ರೀತಿಯ ಪಾಲಕರೇ, ದೇವರ ಕೃಪೆಯಿಂದ" ಎಂದು ಶುರುವಾಗಿ ಮೂರು ಸಲ ಸ್ಕ್ರೋಲ್ ಮಾಡಿದರೂ ಮುಗಿಯದ ಸುದ್ದಿ. ಸೋಮವಾರ ಬಿಳಿ ಶೂ. ಕುಡಿಯುವ ನೀರು ಕಾಯಿಸಿ ಆರಿಸಿ ಕಳಿಸಿ. ತಿಂಗಳಿಗೊಮ್ಮೆ ಆ ತಿಂಗಳಲ್ಲಿ ಹುಟ್ಟಿದವರಿಗೆಲ್ಲ ಸೇರಿ ಒಂದೇ ಕೇಕು. ಕೊನೆಗೆ, "ಮಗುವಿಗೆ ಹುಷಾರಿಲ್ಲದಿದ್ದರೆ ದಯವಿಟ್ಟು ತಿಳಿಸಿ. ನಾವು ಬಂದು ನೋಡುತ್ತೇವೆ." ಪಾಲಕರು ಓದಿದರೋ ಇಲ್ಲವೋ, ಗುಲಾಬಿ ಹೂವಿನ ಗುಡ್ ಈವನಿಂಗ್ ಕಳಿಸಿದರು.

ಹಿಲ್ಡಾ ಸಿಸ್ಟರ್ ಇದ್ದಾಗ ಒಂದೇ ವಾಯ್ಸ್ ಮೆಸೇಜು: "ಏನ್ರೀ, ಮಕ್ಕಳ ಉಗುರು ನೋಡೀರೇನು? ಹೊಲ ಉಳಬಹುದು. ಕತ್ತರಿಸಿ ಕಳಸ್ರಿ!" ಮುಗಿಯಿತು. ಮರುದಿನ ಇಡೀ ಶಾಲೆಗೆ ಉಗುರಿರುತ್ತಿರಲಿಲ್ಲ. ಗೋವಾದವರಾದರೂ ನಮ್ಮೂರಿನಲ್ಲಿ ನಮಗಿಂತ ಚೆನ್ನಾಗಿ ಬೈಯುವುದನ್ನು ಕಲಿತಿದ್ದ ಮಹಾತಾಯಿ. ನೆನೆದರೆ ಈಗಲೂ ಎದೆ ಉಬ್ಬುತ್ತದೆ.

ಬಾಗಿಲ ಬಳಿ ಪ್ರತಿಮೆಯಾಗಿ ನಿಂತಿರುವ ಅಂತೋಣಿ ಸಂತರು ಕಳೆದ ವಸ್ತು ಹುಡುಕಿಕೊಡುತ್ತಾರೆ ಎಂದು ಸಿಸ್ಟರ್ ಸೆವರಿನ್ ಮಕ್ಕಳಿಗೆ ಹೇಳಿದ್ದಾರೆ. ಈಗ ನನ್ನ ಕ್ಲಾಸಿನವರು ದಿನಕ್ಕೆ ಹತ್ತು ಸಲ ಎದ್ದು ರಬ್ಬರ್ ಕೇಳಲು ಅಲ್ಲಿಗೆ ಓಡುತ್ತಾರೆ. ಸಂತರು ಇದುವರೆಗೆ ಒಂದನ್ನೂ ಕೊಟ್ಟಿಲ್ಲ.

ಜೂನ್ 12, ಶುಕ್ರವಾರ

ಕರೆಂಟಿಲ್ಲ. ಭುವಿ ಇವತ್ತು ಯಾರನ್ನೂ ಕಚ್ಚಲಿಲ್ಲ. ಆರ್ಮಿಗೆ ಹೇಳುವಂಥದ್ದು ಏನೂ ಇಲ್ಲ.

ಜೂನ್ 17, ಬುಧವಾರ

ಇವತ್ತು ನಾನು ಒಂದು ದೊಡ್ಡ ಕೆಲಸ ಮಾಡಿದೆ. ಏನೂ ಹೇಳದೆ ಮಾಡಿದೆ, ಅದೇ ಅದರ ಸೊಗಸು.

ಬೆಳಿಗ್ಗೆ ಭುವಿಯ ಅಜ್ಜಿ ವೀರಭದ್ರಮ್ಮನ ಫೋನು. ಹಣೆ ತುಂಬ ವಿಭೂತಿಯ, ದಿನಾ ಲಿಂಗಪೂಜೆ ಮಾಡುವ ಮುದುಕಿ. "ಟೀಚರಮ್ಮ, ಮೊಹರಂ ಬಂತಲ್ರೀ. ನಮ್ಮ ಭುವಿಗೆ ಹುಲಿ ಬಣ್ಣ ಹಚ್ಚಬೇಕು. ಕೂಸು ಹುಟ್ಟಿದ್ರ ಐದು ವರ್ಷ ಹುಲಿ ಮಾಡಿ ಕುಣಸ್ತೀನಿ ಅಂತ ಪೀರಲ ದೇವರಿಗೆ ಹರಕಿ ಹೊತ್ತಿದ್ದೆ. ಇದು ಕಡೀ ವರ್ಷ."

"ಹೆಣ್ಣುಹುಡುಗಿ ಹುಲಿ ಆಗತಾಳೇನ್ರೀ ಆಯಿ?"

"ನಾ ದೇವರ ಮುಂದ ಕೂಸು ಅಂದಿದ್ನೇ ಹೊರತು ಗಂಡು ಅಂದಿದ್ದಿಲ್ಲ. ಮಾತು ಮಾತೇ. ಈಗ ಸಾಲಿಗೆ ಏನಂತ ಹೇಳ್ಲಿ?"

"ಎಲ್ಲಾರೂ ಏನಂತಾರ ಅದನ್ನ ಅನ್ರಿ. ಜ್ವರ."

ಇದು ನಮ್ಮ ಕಾನ್ವೆಂಟಿನ ಹಳೆಯ ಪದ್ಧತಿ. ಮೊಹರಂ ಬಂತೆಂದರೆ, ಪೀರಲ ದೇವರುಗಳನ್ನು ಕೂರಿಸಿದ ದಿನದಿಂದ ಕಳಿಸುವ ದಿನದವರೆಗೆ, ಸುತ್ತಲಿನ ಹಳ್ಳಿಯ ಅರ್ಧ ಮಕ್ಕಳಿಗೆ ಜ್ವರ. ಯಾರೋ ಫಕೀರ, ಯಾರೋ ಹುಲಿ, ಉಳಿದವರು ಹಲಗೆಯ ಸದ್ದಿನ ಹಿಂದೆ. ಪಾಲಕರು ಜ್ವರ ಎನ್ನುತ್ತಾರೆ, ಹಿಲ್ಡಾ ಸಿಸ್ಟರ್ "ಹೌದಾ, ಮಲಗಸ್ರಿ" ಎನ್ನುತ್ತಿದ್ದರು, ಹಬ್ಬ ಮುಗಿದ ಮೇಲೆ ಕಿವಿಯ ಹಿಂದೆ ಹಳದಿ ಬಣ್ಣ ಮೆತ್ತಿಕೊಂಡ ರೋಗಿಗಳು ವಾಪಸ್ ಬರುತ್ತಿದ್ದರು. ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಡುವುದಿಲ್ಲ.

ಮಧ್ಯಾಹ್ನ ಸ್ಟಾಫ್ ಮೀಟಿಂಗು. ಸಿಸ್ಟರ್ ಸೆವರಿನ್ ಕ್ಯಾಲೆಂಡರ್ ಹರಡಿಕೊಂಡು ಕೇಳಿದರು: "ನಾನು ಹೊಸಬಳು. ಇಲ್ಲಿಯ ಹಬ್ಬಗಳ ಬಗ್ಗೆ ನನಗೆ ಗೊತ್ತಿರಬೇಕಾದದ್ದು ಏನಾದರೂ ಉಂಟಾ? ಈಗಲೇ ಹೇಳಿ." ಆಮೇಲೆ ನನ್ನ ಕಡೆಗೇ ತಿರುಗಿದರು. "ಗೌಸಿಯಾ, ಮೊಹರಂ ನಿಮ್ಮದಲ್ವಾ? ಶುಕ್ರವಾರ ಒಂದು ದಿನ ರಜೆ ಸಾಕಾ?"

"ಸಾಕ್ರಿ ಸಿಸ್ಟರ್. ನಾವು ಮನ್ಯಾಗ ರೋಜಾ ಇರತೀವಿ, ಉಪಾಸ, ಅಷ್ಟ."

ಅದು ಸುಳ್ಳಲ್ಲ. ನಮ್ಮ ಮನೆಯಲ್ಲಿ ಅಷ್ಟೇ. ಹುಲಿ ಆಗುವವರು ಯಾರು ಎಂದು ಅವರು ಕೇಳಲಿಲ್ಲ, ಹಿಂದೂಗಳು ಎಂದು ನಾನು ಹೇಳಲಿಲ್ಲ. ಉಳಿದ ಟೀಚರುಗಳು ಹಳೆ ವಿದ್ಯಾರ್ಥಿನಿ ಹೇಳುತ್ತಾಳೆಂದು ನನ್ನನ್ನು ನೋಡಿದರು, ನಾನು ಫ್ಯಾನ್ ನೋಡಿದೆ.

ಗ್ರೂಪಿಗೆ ಹೇಳಿದ ಕೂಡಲೇ ದಾನಿಷ್ ಕಿರೀಟದ ಸ್ಟಿಕರ್ ಕಳಿಸಿದ. "ಕ್ವೀನ್ ಬೇ ನೀ! ಈಗ ನೋಡು ತಮಾಷಾ."

ಜೂನ್ 22, ಸೋಮವಾರ

ಜ್ವರ ಶುರು. ಪಾಲಕರ ಗ್ರೂಪಿನಲ್ಲಿ ಬೆಳಿಗ್ಗೆಯಿಂದ ಒಂದೇ ಸಮನೆ. "ಸಿದ್ದಲಿಂಗೇಶನಿಗೆ ಜ್ವರ." "ಬೀರಲಿಂಗಗ ಜ್ವರ ಬಂದೈತ್ರಿ ಮೇಡಂ." ಒಬ್ಬರು ಬರೀ ಥರ್ಮಾಮೀಟರಿನ ಇಮೋಜಿ. ಇನ್ನೊಬ್ಬರು "ಜ್ವರ, ಶನಿವಾರದ ತನಕ". ಜ್ವರ ಹೋಗುವ ದಿನ ಅದು ಬರುವ ಮೊದಲೇ ಗೊತ್ತಿರುವ ಜನ ನಾವು.

ಸಿಸ್ಟರ್ ಸೆವರಿನ್ ನನ್ನ ಕ್ಲಾಸಿಗೆ ಬಂದು ಖಾಲಿ ಬೆಂಚುಗಳನ್ನು ನೋಡಿದರು. ಮುಖ ಬಿಳಿಚಿತ್ತು. "ಎಲ್ಲ ಕ್ಲಾಸಿನಲ್ಲೂ ಹೀಗೇ ಉಂಟಲ್ಲ ಗೌಸಿಯಾ. ಒಂದು ವಿಷಯ ಗಮನಿಸಿದೆಯಾ? ಜ್ವರ ಬಂದವರು ಹೆಚ್ಚಿನವರು ಹಿಂದೂ ಮಕ್ಕಳು, ಹಳ್ಳಿಯವರು. ಅವರ ಕುಡಿಯುವ ನೀರು ಬೇರೆಯಾ?"

ನಾನು ಕೆಮ್ಮಿ ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡೆ. ಅವರು ಹತ್ತಿರ ಬಂದು, "ನಿನಗೂ ಶುರುವಾಯಿತಾ?" ಎಂದು ನನ್ನ ಹಣೆ ಮುಟ್ಟಿದರು. ಕೈ ತಣ್ಣಗಿತ್ತು.

ಜೂನ್ 23, ಮಂಗಳವಾರ

ಶಾಲೆಯಲ್ಲಿ ಹೊಗೆಯೋ ಹೊಗೆ! ಸಿಸ್ಟರ್ ಯಾರ್‍ಯಾರಿಗೋ ಫೋನ್ ಮಾಡಿ ಸೊಳ್ಳೆ ಹೊಗೆಯ ಮಶೀನು ತರಿಸಿದ್ದರು. ಆ ಬುರ್ ಎನ್ನುವ ಸದ್ದಿನಲ್ಲಿ ಅಂಗಳದ ಮಾತೆ ಮರಿಯಮ್ಮನ ಗವಿಯೂ ಕಾಣಲಿಲ್ಲ, ಮಕ್ಕಳೂ ಕಾಣಲಿಲ್ಲ. ಉಳಿದಿದ್ದ ಮಕ್ಕಳು ಹೊಗೆಯಲ್ಲಿ ಕುಣಿದು ಕುಪ್ಪಳಿಸಿ, ಜ್ವರ ಇಷ್ಟು ಮಜಾ ಇರುತ್ತದೆಂದು ಮೊದಲೇ ಗೊತ್ತಿದ್ದರೆ ಎಂದು ಹಲುಬಿದರು. ನೀರಿನ ಟಾಂಕಿ ಖಾಲಿ ಮಾಡಿಸಿದರು. ಸಿಸ್ಟರೇ ಸೆರಗು ಸಿಕ್ಕಿಸಿಕೊಂಡು ಒಳಗಿಳಿದು ತಿಕ್ಕಿದರು.

ಆಮೇಲೆ ಗ್ರೂಪಿಗೆ ಒಂದು ಸುದ್ದಿ: ಡೆಂಗಿ ಇರಬಹುದು, ಎಚ್ಚರ.

ಇಲ್ಲಿಂದ ಮುಂದಿನದು ಯಾರೂ ಎಣಿಸದ ಸಂಗತಿ. ತಮ್ಮ ಮಗುವಿನ ಜ್ವರ ಸುಳ್ಳೆಂದು ಪ್ರತಿಯೊಬ್ಬ ಪಾಲಕರಿಗೂ ಗೊತ್ತು. ಬೇರೆಯವರ ಮಗುವಿನದು ನಿಜವಿರಬಹುದಲ್ಲ! ಮೊಹರಂಗೂ ತಮಗೂ ಸಂಬಂಧವಿಲ್ಲದ, ಆರ್.ಎಚ್. ಕ್ಯಾಂಪೆಂಬ ನಿರಾಶ್ರಿತರ ಕಾಲೊನಿಯ ಬಂಗಾಳಿ ಮಕ್ಕಳ ತಾಯಂದಿರು ಕೂಡ ಗೇಟಿಗೆ ಬಂದು ಮಕ್ಕಳನ್ನು ಎತ್ತಿಕೊಂಡು ಹೋದರು.

ಜೂನ್ 24, ಬುಧವಾರ

ಒಂದನೇ ಕ್ಲಾಸಿನಲ್ಲಿ ಇವತ್ತು ನಾನು ಮತ್ತು ಇಬ್ಬರು ಮಕ್ಕಳು. ಅವರಿಬ್ಬರಲ್ಲಿ ಒಬ್ಬಳು ನಿದ್ದೆ ಹೋದಳು.

ಪಾಲಕರ ಗ್ರೂಪಿನಲ್ಲಿ ಯುದ್ಧ. ಈ ಸಿಸ್ಟರಿಗೆ ಶಾಲೆ ನಡೆಸಲು ಬರುವುದಿಲ್ಲ, ಟಿಸಿ ಕೊಡಿ, ಬೇರೆ ಕಡೆ ಹಾಕುತ್ತೇವೆ. ಮನೆಯಲ್ಲಿ ಹುಲಿ ಸಾಕಿಕೊಂಡವರೇ ಎಲ್ಲರಿಗಿಂತ ಜೋರು.

ದಾನಿಷ್ ಫೋನ್ ಮಾಡಿದ. ದನಿಯಲ್ಲಿ ಪಟಾಕಿ. "ಗೌಸೂ, ಕೆಲಸ ಆತು! ಎಲ್ಲಾರೂ ಸೇರಿ ಈ ಸಿಸ್ಟರ್‌ಗಳ ಮ್ಯಾಲಿನ ದೊಡ್ಡ ಮದರ್‌ಗೆ ಮೆಸೇಜ್ ಹಾಕೀವಿ. ಸೋಮವಾರ ಮದರ್ ಬರಾಕತ್ತಾರ. ಟೀಚರ್‌ಗಳನ್ನ ಕೇಳಿ, ಈಕೀನ್ನ ಇಡೋದಾ ತೆಗೆಯೋದಾ ಅಂತ ತೀರ್ಮಾನ ಮಾಡ್ತಾರಂತ. ಹಿಲ್ಡಾ ವಾಪಸ್!"

"ಮಸ್ತ್" ಅಂದೆ.

"ಏನು ಬೇ, ಮಯ್ಯತ್ ಮನ್ಯಾಗ, ಹೆಣದ ಮುಂದ ಕುಂತಂಗ ಮಸ್ತ್ ಅಂತೀ?"

ನೆಟ್‌ವರ್ಕ್ ಸರಿ ಇಲ್ಲ ಅಂದೆ.

ಜೂನ್ 25, ಗುರುವಾರ

ಇದನ್ನು ಸಾವಕಾಶ ಬರೆಯಬೇಕು.

ಬೆಳಿಗ್ಗೆ ಸಿಸ್ಟರ್ ಸೆವರಿನ್ ಒಂದು ಚೀಲ ಹಿಡಿದು ಬಂದರು. ಗ್ಲೂಕೋಸ್, ಥರ್ಮಾಮೀಟರ್, ಎಳನೀರು. "ನಡಿ, ನಿನ್ನ ಸ್ಕೂಟಿಯಲ್ಲಿ ಹೋಗುವ. ಮೊದಲು ಜವಳಗೇರಾ. ಆ ಹಲ್ಲಿಲ್ಲದ ಹುಡುಗಿಯ ಮನೆ." ಬೇರೆ ಯಾರ ಮನೆ ಅಂದಿದ್ದರೂ ಏನಾದರೂ ನೆಪ ಹೇಳುತ್ತಿದ್ದೆ, ಇವಳು ನನ್ನದೇ ಕ್ಲಾಸಿನವಳು. ವೀರಭದ್ರಮ್ಮನಿಗೆ ಫೋನ್ ಹಚ್ಚಿದರೆ ಎತ್ತಲಿಲ್ಲ. ದಾನಿಷ್‌ಗೆ ಹೇಳಿದೆ. ಅವನು, "ವಿಡಿಯೋ! ವಿಡಿಯೋ ಬಿಡಬ್ಯಾಡ!"

ಊರೊಳಗೆ ಹೋಗುವಾಗಲೇ ಹಲಗೆಯ ಸದ್ದು. ಸಿಸ್ಟರ್ ಹಿಂದಿನಿಂದ ಕೇಳಿದರು, "ಯಾರದೋ ಮದುವೆಯಾ?" ನಾನು ಗಾಳಿಗೆ ಕೇಳಿಸಲಿಲ್ಲ ಎಂಬಂತೆ ಗಾಡಿ ಓಡಿಸಿದೆ.

ವೀರಭದ್ರಮ್ಮ ಬಾಗಿಲಲ್ಲೇ ಇದ್ದಳು. ಬಿಳಿ ಸೀರೆಯ ಸಿಸ್ಟರನ್ನು ನೋಡಿದ್ದೇ ಒಳಗೆ ಓಡಿದಳು. ನಾವು ಒಳಗೆ ಕಾಲಿಡುವಷ್ಟರಲ್ಲಿ ಮೂಲೆಯಲ್ಲಿ ಒಂದು ದಪ್ಪ ಕೌದಿ, ಅದರ ಕೆಳಗೆ ಮುಲುಗುಡುವ ಒಂದು ಗುಡ್ಡೆ.

"ಬರ್ರಿ ಸಿಸ್ಟರಮ್ಮ, ಕುಂದರ್ರಿ. ಕೂಸು ಈಗ ಕಣ್ಣು ಮುಚ್ಚೈತಿ. ಎಬ್ಬಸಬ್ಯಾಡ್ರಿ. ಭಾಳ ಜ್ವರ."

"ಇಷ್ಟು ಸೆಕೆಯಲ್ಲಿ ಇಷ್ಟು ದಪ್ಪ ಹೊದಿಕೆಯಾ? ಮಗು ಬೆಂದುಹೋಗ್ತದೆ!" ಎಂದು ಸಿಸ್ಟರ್ ಕೌದಿ ಎಳೆದೇ ಬಿಟ್ಟರು.

ಕೆಳಗೆ ಹುಲಿ. ತಲೆಯಿಂದ ಕಾಲಿನವರೆಗೆ ಹಳದಿ, ಮೇಲೆ ಕಪ್ಪು ಪಟ್ಟೆ, ಇನ್ನೂ ಹಸಿ. ಕೌದಿಗೆಲ್ಲ ಮೆತ್ತಿತ್ತು. ಹುಲಿ ಒಂದು ಕಣ್ಣು ತೆರೆದು ನನ್ನನ್ನು ನೋಡಿ, ಮತ್ತೆ ಮುಚ್ಚಿ, ನರಳಿತು.

ವೀರಭದ್ರಮ್ಮನೇ ಧೈರ್ಯ ಮಾಡಿದಳು. "ಈ ಸಲದ ಜ್ವರನ ಹಂಗೈತ್ರಿ ಸಿಸ್ಟರಮ್ಮ. ಪಟ್ಟಿ ಪಟ್ಟಿ ಬರತಾವ."

ಸಿಸ್ಟರ್ ಥರ್ಮಾಮೀಟರ್ ಕೊಡವಿ ಹುಲಿಯ ಬಾಯಿಗಿಟ್ಟರು. ಹುಲಿ ಕಚ್ಚಲಿಲ್ಲ. ಕಾದರು. ತೆಗೆದು ಬೆಳಕಿಗೆ ಹಿಡಿದು ನೋಡಿದರು. ಹೊರಗೆ ಹಲಗೆ ಹತ್ತಿರ ಬರುತ್ತಿತ್ತು.

"ಜ್ವರ ಇಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ, "ಎಲ್ಲ ಮಕ್ಕಳದ್ದೂ ಇದೇ ಜ್ವರವಾ?"

"ಹೌದ್ರಿ."

"ನಿನಗೆ ಗೊತ್ತಿತ್ತಾ?"

ಎಷ್ಟೋ ಉತ್ತರಗಳಿದ್ದವು. ನನ್ನ ಬಾಯಿಗೆ ಬಂದದ್ದು, "ಗೊತ್ತಿತ್ರಿ."

ಅಷ್ಟರಲ್ಲಿ ಹಲಗೆ ಅಂಗಳಕ್ಕೇ ಬಂತು. ಭುವಿಗೆ ತಡೆಯಲಾಗಲಿಲ್ಲ. ಜ್ವರ ಗಿರ ಎಲ್ಲ ಮರೆತು ನಮ್ಮನ್ನು ದಾಟಿ ಅಂಗಳಕ್ಕೆ ಹಾರಿ ಕುಣಿಯತೊಡಗಿದಳು. ಸಿಸ್ಟರ್ ಬಾಗಿಲಲ್ಲಿ ನಿಂತು ನೋಡಿದರು. ನಾನು ಅವರ ಮುಖ ನೋಡಲಾರದೆ ಕಾಲು ನೋಡುತ್ತಿದ್ದೆ. ಕಾಲು ಸುಮ್ಮನಿರಲಿಲ್ಲ.

"ಹೆಜ್ಜೆ ಸರಿ ಇಲ್ಲ" ಎಂದರು ಸಿಸ್ಟರ್.

ವೀರಭದ್ರಮ್ಮನಿಗೆ ಸಿಟ್ಟು ಬಂತು. "ನಾಕು ವರ್ಷದಿಂದ ಕುಣಿಯಾಕತ್ತಾಳ್ರಿ ನಮ್ಮ ಕೂಸು!"

"ನಾಲ್ಕು ವರ್ಷದಿಂದಲೂ ತಪ್ಪೇ. ಇವಳು ಕಪ್ಪೆಯ ಹಾಗೆ ಹಾರ್ತಾಳೆ. ಹುಲಿ ನೆಲ ಮೂಸ್ತದೆ. ಮೊದಲು ಭುಜ, ಆಮೇಲೆ ಕಾಲು. ನಮ್ಮ ಬಂಟ್ವಾಳದಲ್ಲಿ ದಸರಾಕ್ಕೆ ನನ್ನ ಅಣ್ಣ ಹುಲಿ ಹಾಕ್ತಿದ್ದ, ಅಪ್ಪನಿಗೆ ಗೊತ್ತಾಗದ ಹಾಗೆ. ಬಣ್ಣ ಬಳಿಯುವವಳು ನಾನು."

"ಹಂಗಾರ ನೀವ ತೋರಸ್ರಿ ನೋಡೋಣು!"

ಸಿಸ್ಟರ್ ಚೀಲವನ್ನು ನನ್ನ ಕೈಗೆ ಕೊಟ್ಟು ಅಂಗಳಕ್ಕಿಳಿದರು. ಎರಡೇ ಹೆಜ್ಜೆ. ಭುಜ ಇಳಿಯಿತು, ಕುತ್ತಿಗೆ ತಿರುಗಿತು, ಕಾಲು ಹಿಂದಿನಿಂದ ಬಂತು. ಹಲಗೆ ಬಡಿಯುವವನು ಬಡಿಯುವುದನ್ನೇ ಬಿಟ್ಟ. ಭುವಿ ಬಾಯಿ ತೆರೆದು ನಿಂತಳು, ಹಲ್ಲಿಲ್ಲದ ಹುಲಿ.

ನಾನು ವಿಡಿಯೋ ಮಾಡಲಿಲ್ಲ. ಚಾರ್ಜ್ ಕಡಿಮೆ ಇತ್ತು, ಅರ್ಧಕ್ಕಿಂತ ಸ್ವಲ್ಪ ಮೇಲಿತ್ತು ಅಷ್ಟೆ.

ವಾಪಸ್ ಬಂದು ಶಾಲೆಯ ಗೇಟಿನಲ್ಲಿ ಇಳಿದ ಮೇಲೆ ಸಿಸ್ಟರ್ ಹೇಳಿದರು: "ಹುಲಿ ಪರವಾಗಿಲ್ಲ ಗೌಸಿಯಾ. ಮೂರು ದಿನದಿಂದ ನಾನು ಮಲಗಲಿಲ್ಲ ಮಾರಾಯ್ತಿ. ಯಾವ ಮನೆಯಿಂದ ಯಾವ ಸುದ್ದಿ ಬರ್ತದೋ ಅಂತ. ನೀವೆಲ್ಲ ಗೊತ್ತಿದ್ದೂ ನನ್ನನ್ನು ನೋಡ್ತಾ ಕೂತಿದ್ರಾ?"

ಹೋದರು. ಎಳನೀರು ನನ್ನ ಸ್ಕೂಟಿಯಲ್ಲೇ ಉಳಿಯಿತು.

ಅದಕ್ಕೆ ನಾನೇನು ಮಾಡಲಿ? ಮಲಗಬೇಕಿತ್ತು. ನನಗೂ ನಿದ್ದೆ ಬರುತ್ತಿಲ್ಲ, ನಾನು ಯಾರನ್ನಾದರೂ ಬೈಯುತ್ತಿದ್ದೇನಾ? ಸೆಕೆ.

ಜೂನ್ 26, ಶುಕ್ರವಾರ

ರೋಜಾ. ರಜೆ.

ಸಿಸ್ಟರ್ ಫೋನ್ ಮಾಡಿ, ಗ್ರೂಪಿಗೆ ಒಂದು ಸುದ್ದಿ ಹಾಕಬೇಕು, ಬರೆದುಕೋ ಎಂದರು. ದನಿಯಲ್ಲಿ ಸಿಟ್ಟೂ ಇಲ್ಲ, ಸಲುಗೆಯೂ ಇಲ್ಲ. ನಾನು ಕಾದೆ: ಸುಳ್ಳು ಹೇಳಿದವರಿಗೆ ಟಿಸಿ ಎನ್ನುತ್ತಾರೆ, ನನ್ನ ಹೆಸರೂ ಬರುತ್ತದೆ ಎಂದು. ಅವರು ಹೇಳಿದ್ದು ಇಷ್ಟು:

"ಪ್ರೀತಿಯ ಪಾಲಕರೇ, ಮಕ್ಕಳ ಜ್ವರ ಡೆಂಗಿ ಅಲ್ಲ. ದೇವರುಗಳನ್ನು ಕಳಿಸಿದ ಮೇಲೆ ತಾನಾಗಿ ಇಳಿಯುವಂಥದ್ದು ಎಂದು ಖಚಿತವಾಗಿದೆ. ಉಳಿದ ಮಕ್ಕಳಿಗೆ ಅಂಟುವುದಿಲ್ಲ. ಸೋಮವಾರ ಎಲ್ಲರೂ ಬನ್ನಿ. ಬಣ್ಣ ಪೂರ್ತಿ ಹೋಗದಿದ್ದರೆ ಚಿಂತೆ ಬೇಡ, ಸೀಮೆಎಣ್ಣೆ ಹಾಕಿ ತಿಕ್ಕಬೇಡಿ, ಚರ್ಮ ಹಾಳಾಗುತ್ತದೆ. ಕೊಬ್ಬರಿ ಎಣ್ಣೆ ಶಾಲೆಯಲ್ಲಿದೆ. ಮುಂದಿನ ವರ್ಷ ಜ್ವರಕ್ಕೆ ಮೊದಲೇ ಹೇಳಿ, ರಜೆ ಕೊಡುತ್ತೇವೆ."

ಹಾಕಿದೆ. ಗುಲಾಬಿ ಹೂವು ಯಾರೂ ಕಳಿಸಲಿಲ್ಲ. ಬಹಳ ಹೊತ್ತಿನ ಮೇಲೆ ಬೀರಲಿಂಗನ ಅಪ್ಪ ಒಬ್ಬ, "ಸರಿ ರೀ ಸಿಸ್ಟರಮ್ಮ" ಎಂದ. ಆಮೇಲೆ ಒಬ್ಬೊಬ್ಬರೇ.

ಆರ್ಮಿ ಕೆಂಡಾಮಂಡಲ. "ಆಕೀಗೆ ಹೆಂಗ ಗೊತ್ತಾತು? ವಿಡಿಯೋ ಎಲ್ಲಿ?" ದಾನಿಷ್‌ಗೆ ಹಿಂದುಮುಂದು ನೋಡದೆ ಬೈದೆ. ಅಮ್ಮಿ ಅಡುಗೆಮನೆಯಿಂದ ಇಣುಕಿದಳು. "ಕ್ಯಾ ಹುವಾ ಗೇ? ರೋಜೇ ಮೇ ಇತ್ತಾ ಗುಸ್ಸಾ?"

ಉಪವಾಸದಲ್ಲಿ ಯಾಕಿಷ್ಟು ಸಿಟ್ಟು ಅಂತೆ. ಹಸಿವಿಗೆ ಸಿಟ್ಟು ಬರುತ್ತದೆ, ಅಷ್ಟೆ.

ಜೂನ್ 27, ಶನಿವಾರ

ಇವತ್ತು ನನ್ನ ದೇವತೆಯ ದರ್ಶನ! ಶಾಲೆಗೆ ರಜೆ ಹಾಕಿ ಮಸ್ಕಿ ಮೇಲೆ ಹೋಗುವ ಬಸ್ ಹತ್ತಿದೆ. ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಮಿರ್ಚಿ ಕಟ್ಟಿಸಿಕೊಂಡೆ, ಹಿಲ್ಡಾ ಸಿಸ್ಟರಿಗೆ ಬಲು ಇಷ್ಟ.

ಲಿಂಗಸುಗೂರಿನಾಚೆಯ ಹಾಸ್ಟೆಲಿನಲ್ಲಿ ಅವರು ಒಬ್ಬರೇ ಮೆಣಸಿನ ಗಿಡಗಳಿಗೆ ನೀರು ಬಿಡುತ್ತಾ ನಿಂತಿದ್ದರು. ನನ್ನನ್ನು ನೋಡಿ, "ಏನಲೇ ಕಳ್ಳಿ, ಬಡಕಲಾಗೀ!" ಎಂದು ಅಪ್ಪಿಕೊಂಡರು. ಅದೇ ದನಿ, ಅದೇ ಬೆವರು ಮತ್ತು ಪೌಡರಿನ ವಾಸನೆ. ಅಳು ಬಂತು.

ಹುಲಿಯ ಕಥೆ ಕೇಳಿ ಅವರು ನಕ್ಕಿದ್ದಕ್ಕೆ ಪೈಪು ಕೈತಪ್ಪಿತು. "ಜ್ವರ ಖರೇ ಅಂತ ತಿಳಕೊಂಡ್ಳಾ ಆಕಿ? ಮನಿಗೇ ಹೋದ್ಲಾ! ಅಯ್ಯೋ ನನ್ನ ಜೀಸಸ್! ಇಷ್ಟು ವರ್ಷದಾಗ ನಾ ಒಮ್ಮೇನೂ ಹೋಗಿ ನೋಡಿಲ್ಲ. ಯಾರಿಗೆ ಬೇಕು?" ಆಮೇಲೆ, "ನೀ ಐದನೇತ್ತಾ ಇದ್ದಾಗ ಮೊಹರಂ ಆದಮ್ಯಾಲ ಕಡ್ಡಿ ಆಗಿ ಬಂದಿದ್ದೀ, ನೆನಪೈತೇನು? ಹುಲಿ ಆಗಿದ್ದೇನಲೇ ಅಂತ ಇಡೀ ಕ್ಲಾಸು ನಗಸಿದ್ದೆ."

"ಅದು ಟೈಫಾಯ್ಡ್ ಇತ್ರಿ ಸಿಸ್ಟರ್. ದವಾಖಾನಿಯಾಗ ಇದ್ದೆ."

"ಹೌದೇನು?" ಎಂದು ಮಿರ್ಚಿ ಕಚ್ಚಿದರು. "ಭಾಳ ಖಾರ ಐತಿ."

ಇಬ್ಬರೂ ತುಂಬಾ ನಕ್ಕೆವು.

ಹೊರಡುವಾಗ ಕೈ ಹಿಡಿದುಕೊಂಡರು. ನಗು ಇರಲಿಲ್ಲ. "ಇಲ್ಲಿ ಬೈಯಾಕ ಒಂದು ನರಪಿಳ್ಳೆ ಇಲ್ಲ ಗೌಸಿ. ಮಕ್ಕಳು ಸಂಜಿಗೆ ಬರತಾವ, ಉಂಡು ಮಲಗತಾವ. ಮದರ್ ನಿನ್ನ ಕೇಳ್ತಾರ. ನೀ ನನ್ನ ಕೂಸು. ಒಂದ ಮಾತು ಹೇಳಿಬಿಡು, ಹಿಲ್ಡಾ ಬೇಕು ಅಂತ. ಹೇಳ್ತೀ?"

ಹೇಳುತ್ತೇನೆ ಎಂದೆ. ಮಾತು ಕೊಟ್ಟೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಅಭ್ಯಾಸ ಮಾಡಿದೆ.

ಜೂನ್ 29, ಸೋಮವಾರ

ಮಕ್ಕಳು ಬಂದರು! ಬಂಗಾಳಿ ಮಕ್ಕಳೂ ಬಂದರು, ಹುಲಿಗಳೂ ಬಂದರು. ಕುತ್ತಿಗೆಯಲ್ಲಿ ಪಟ್ಟೆ, ಮೊಣಕೈಯಲ್ಲಿ ಪಟ್ಟೆ, ಬಿಳಿ ಶೂ ಮೇಲೆ ಹಳದಿ ಕಾಲು. ಭುವಿ ಅರ್ಧವೂ ತೊಳೆದಿರಲಿಲ್ಲ, ಬೇಕೆಂದೇ ಎಂದು ನನ್ನ ಗುಮಾನಿ. ಸರಿಯಾಗಿ ಆಗಲೇ ಮದರ್ ಅವರ ಜೀಪು ಗೇಟಿಗೆ ಬಂತು. ಮದರ್ ಇಳಿದು, ಸಾಲಿನಲ್ಲಿ ನಿಂತ ಒಂದನೇ ಕ್ಲಾಸನ್ನು ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದರು.

ಟೀಚರುಗಳನ್ನು ಒಬ್ಬೊಬ್ಬರನ್ನಾಗಿ ಕರೆದರು. ನನ್ನ ಸರದಿ ಕೊನೆಗೆ.

"ನೀನು ಹಿಲ್ಡಾ ಅವರ ಹುಡುಗಿ ಅಲ್ಲವೇ? ಅವರು ನಿನ್ನ ಬಗ್ಗೆ ಫೋನಿನಲ್ಲಿ ಹೇಳಿದ್ದಾರೆ. ಇಲ್ಲದ ಡೆಂಗಿಗೆ ಊರನ್ನೆಲ್ಲ ಹೆದರಿಸಿದ್ದು ಸೆವರಿನ್ ಅವರ ತಪ್ಪು ಎನ್ನುತ್ತಾರೆ ಪಾಲಕರು. ನೀನು ಏನು ಹೇಳುತ್ತೀ?"

ಅಭ್ಯಾಸ ಮಾಡಿದ್ದು ನಾಲಿಗೆಯ ತುದಿಯಲ್ಲೇ ಇತ್ತು. ಕಿಟಕಿಯಾಚೆ ನಳದ ಹತ್ತಿರ ಸಿಸ್ಟರ್ ಸೆವರಿನ್ ಭುವಿಯ ಕುತ್ತಿಗೆಗೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದರು. ಭುವಿ ಗುರ್ ಎನ್ನುತ್ತಿದ್ದಳು. ಸಿಸ್ಟರೂ ತಿರುಗಿ ಗುರ್ ಎಂದರು.

"ತಪ್ಪು ಅವರದಲ್ರಿ ಮದರ್. ಅವರು ನಮ್ಮನ್ನ ಕೇಳಿದ್ರು. ನಾವು ಹೇಳಲಿಲ್ಲ."

"ನಾವು ಎಂದರೆ?"

"ನಾ."

"ಯಾಕೆ ಹೇಳಲಿಲ್ಲ?"

"ಅವರು ಹೋಗಲಿ ಅಂತ್ರಿ."

ಮದರ್ ಪೆನ್ನು ಕೆಳಗಿಟ್ಟರು. "ನೀನು ಇನ್ನೂ ಪರ್ಮನೆಂಟ್ ಆಗದ ಟೀಚರ್. ಇದನ್ನು ಹೇಳಿದರೆ ನಿನಗೇನಾಗಬಹುದು ಗೊತ್ತಿದೆಯಾ?"

"ಗೊತ್ತೈತ್ರಿ."

"ಈಗಲೂ ಅವರು ಹೋಗಬೇಕೆಂದು ನಿನಗೆ ಅನಿಸುತ್ತದೆಯೇ?"

"ಅವರು ಹುಲಿ ಹೆಜ್ಜಿ ಇನ್ನೂ ಪೂರ್ತಿ ಕಲಿಸಿಲ್ರಿ ಮದರ್" ಎಂದೆ. ಯಾಕೆ ಹಾಗೆ ಅಂದೆನೋ. ಮದರ್‌ಗೆ ಏನೂ ತಿಳಿಯಲಿಲ್ಲ. ನನಗೂ.

ಜೂನ್ 30, ಮಂಗಳವಾರ

ಸಿಸ್ಟರ್ ಸೆವರಿನ್ ಇರುತ್ತಾರೆ. ನನ್ನನ್ನು ಪರ್ಮನೆಂಟ್ ಮಾಡುವ ಮಾತು ಆರು ತಿಂಗಳು ಮುಂದಕ್ಕೆ ಹೋಯಿತು. ಬೆಳಿಗ್ಗೆ ವರಾಂಡದಲ್ಲಿ ಎದುರಾದಾಗ ಸಿಸ್ಟರ್, "ಎಳನೀರು ಏನಾಯಿತು ಮಾರಾಯ್ತಿ?" ಎಂದರು. ಕುಡಿದೆ ಎಂದೆ. "ಒಬ್ಬಳೇ?" ಎಂದು ಹೋದರು.

ದಾನಿಷ್ ನನ್ನನ್ನು ಆರ್ಮಿಯಿಂದ ತೆಗೆದುಹಾಕಿದ. ತೆಗೆಯುವ ಮೊದಲು ಎಲ್ಲರ ಮುಂದೆ ಬರೆದ: "ಗದ್ದಾರ್. ಪಾರ್ಟಿ ಬದಲಸಿದಿ." ಅಮ್ಮಿಯ ಫೋನಿಗೂ ಅದನ್ನೇ ಕಳಿಸಿದ್ದಾನೆ, ದೊಡ್ಡ ಮನುಷ್ಯ. ಹಿಲ್ಡಾ ಸಿಸ್ಟರ್ ಮೆಸೇಜು ನಿನ್ನೆ ಸಂಜೆ ಬಂತು: "ಮದರ್ ಬಂದಿದ್ರೇನಲೇ? ಏನಂದಿ?" ನೀಲಿ ಟಿಕ್ ಬಿದ್ದಿದೆ, ಅವರಿಗೂ ಕಾಣುತ್ತಿರುತ್ತದೆ. ಟೈಪ್ ಮಾಡಿ ಅಳಿಸಿದೆ, ಮತ್ತೆ ಟೈಪ್ ಮಾಡಿ ಅಳಿಸಿದೆ. ಅವರ ಫ್ಯಾನ್ ನಾನು, ಇವತ್ತಿಗೂ. ಅವರ ಎದುರು ಇನ್ನೊಬ್ಬರನ್ನು ನಿಲ್ಲಿಸುವವಳಲ್ಲ. ನಾನೆಲ್ಲಿ ಬದಲಾಗಿದ್ದೇನೆ? ಅದೇ ಗೌಸಿಯಾ, ಮೊದಲ ದಿನ ಗೇಟಿನೊಳಗೆ ಬಂದವಳೇ. ದಾನಿಷ್‌ಗೆ ಬುದ್ಧಿ ಇಲ್ಲ, ಅವನು ಗ್ರೂಪನ್ನು ಬಿಟ್ಟು ಬೇರೇನೂ ಓದುವುದಿಲ್ಲ. ಈ ಡೈರಿ ಓದುವ ನೀನು ಎಲ್ಲವನ್ನೂ ಓದಿದ್ದೀಯಲ್ಲ, ಜೂನ್ ಒಂದರಿಂದ? ಪಾರ್ಟಿ ಬದಲಿಸಿದೆ ಅಂತೀಯಾ ನೀನೂ? ಹಾಗಾದರೆ ಯಾವತ್ತು ಬದಲಿಸಿದೆ, ತಾರೀಖಿನ ಮೇಲೆ ಬೆರಳಿಟ್ಟು ತೋರಿಸು ನೋಡೋಣ?